47,500 ರೂಪಾಯಿಯ ಕಾರು ನಿಜಕ್ಕೂ ಅಗ್ಗವಾಗಿತ್ತಾ? ಪುಣೆಯ ಕಾರ್ಖಾನೆಗಳ ನಡುವೆ ಒಂದು ಲೆಕ್ಕ

ಪಿಂಪ್ರಿ, ಚಿಂಚವಾಡ, ನಿಗಡಿ ಕಡೆಯ ಕನ್ನಡಿಗರ ಮನೆಗಳಲ್ಲಿ ಹೊಸ ಗಾಡಿ ಬಂದಾಗಲೆಲ್ಲ ಒಂದು ಮಾತು ಬಂದೇ ಬರುತ್ತದೆ. "ನಮ್ಮ ಕಾಲದಾಗ ಮಾರುತಿ ಐವತ್ತು ಸಾವಿರದಾಗ ಬರ್ತಿತ್ತು. ಈಗ ಅಷ್ಟು ರೊಕ್ಕಕ್ಕ ಒಂದು ಬೈಕೂ ಬರಂಗಿಲ್ಲ." ಹೀಗೆ ಹೇಳುವವರು ಹೆಚ್ಚಾಗಿ ಟೆಲ್ಕೋದಲ್ಲೋ (ಈಗಿನ ಟಾಟಾ ಮೋಟಾರ್ಸ್), ಬಜಾಜ್‌ನಲ್ಲೋ, ಖಡಕಿಯ ಮಿಲಿಟರಿ ಕಾರ್ಖಾನೆಗಳಲ್ಲೋ ದುಡಿದು ನಿವೃತ್ತರಾದ ಹಿರಿಯರು. ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯಿಂದ ಬಂದು ಈ ಊರಿನ ಗಾಡಿಗಳನ್ನು ಕೈಯಾರೆ ಕಟ್ಟಿದವರು. ಅವರು ಹೇಳುವ ಅಂಕಿ ಸರಿಯೇ ಇದೆ. ಆದರೆ ಅದರಿಂದ ನಾವು ತೆಗೆಯುವ ತೀರ್ಮಾನ ತಪ್ಪು. ಆ ತಪ್ಪು ಎಲ್ಲಿದೆ ಎಂದು ನೋಡುತ್ತಾ ಹೋದರೆ, ಬೆಲೆಯೇರಿಕೆ ನಿಜವಾಗಿ ಯಾರನ್ನು ಹಿಂಡುತ್ತಿದೆ ಎನ್ನುವುದೂ ಕಾಣುತ್ತದೆ.

ಮೊದಲು ಕಾರಿನ ಲೆಕ್ಕ. ಮಾರುತಿ 800 ಬಂದದ್ದು 1983ರ ಡಿಸೆಂಬರ್ 14ರಂದು. ಬೆಲೆ 47,500 ರೂಪಾಯಿ. ಆಗಿನ ರೂಪಾಯಿಯನ್ನು ಈಗಿನ ರೂಪಾಯಿಗೆ ಬದಲಿಸಲು ಒಂದು ಗಟ್ಟಿ ಅಳತೆ ಬೇಕು. ಕೇಂದ್ರದ ಲೇಬರ್ ಬ್ಯೂರೋ ಪ್ರತಿ ತಿಂಗಳು ಕೈಗಾರಿಕಾ ಕಾರ್ಮಿಕರ ಬೆಲೆ ಸೂಚ್ಯಂಕ ಹೊರಡಿಸುತ್ತದೆ. ನೌಕರರ ಡಿಎ (ತುಟ್ಟಿಭತ್ಯೆ) ಲೆಕ್ಕ ಹಾಕುವುದು ಇದರಿಂದಲೇ. ಈ ಸೂಚ್ಯಂಕದ ಪ್ರಕಾರ 1982ರಲ್ಲಿ 100 ರೂಪಾಯಿಗೆ ಸಿಗುತ್ತಿದ್ದ ಸಾಮಾನಿಗೆ 2001ರಲ್ಲಿ 463 ರೂಪಾಯಿ ಬೇಕಾಯಿತು. 2001ರ 100 ರೂಪಾಯಿಯ ಸಾಮಾನಿಗೆ 2016ರಲ್ಲಿ 288 ಬೇಕಾಯಿತು. 2016ರ 100, 2025ರ ಸೆಪ್ಟೆಂಬರ್ ಹೊತ್ತಿಗೆ 147 ಆಗಿತ್ತು. ಮೂರನ್ನೂ ಗುಣಿಸಿದರೆ 1982ರ ಒಂದು ರೂಪಾಯಿ ಈಗಿನ 19 ರೂಪಾಯಿ 60 ಪೈಸೆಗೆ ಸಮ. 1983ರ ಕೊನೆಗೆ ಬೆಲೆಗಳು ಇನ್ನಷ್ಟು ಏರಿದ್ದವು, ಅದನ್ನು ಕಳೆದರೆ ಸುಮಾರು 17 ಪಟ್ಟು ಎನ್ನಬಹುದು.

ಅಂದರೆ ಆ 47,500 ರೂಪಾಯಿ ಈಗಿನ ಎಂಟು ಲಕ್ಷಕ್ಕೂ ಜಾಸ್ತಿ. ಎಸಿ ಇಲ್ಲ, ಏರ್‌ಬ್ಯಾಗ್ ಇಲ್ಲ, ಪವರ್ ಸ್ಟೀರಿಂಗ್ ಇಲ್ಲ. ಅದೇ ಕಂಪನಿಯ ಆಲ್ಟೊ ಕೆ10 ಬೆಲೆ 2025ರ ಸೆಪ್ಟೆಂಬರ್ 22ರಂದು 3,69,900 ರೂಪಾಯಿಯಿಂದ ಶುರುವಾಯಿತು. ಅದರಲ್ಲಿ ಆರು ಏರ್‌ಬ್ಯಾಗ್ ಇವೆ. ಹಣದುಬ್ಬರ ಕಳೆದು ನೋಡಿದರೆ ಸಣ್ಣ ಕಾರಿನ ಬೆಲೆ ಅರ್ಧಕ್ಕಿಂತ ಕೆಳಗೆ ಬಂದಿದೆ.

ಸೂಚ್ಯಂಕ ಎಂದರೆ ಕೆಲವರಿಗೆ ನಂಬಿಕೆ ಬರುವುದಿಲ್ಲ. ಸರಿ, ಪಗಾರದಲ್ಲಿ ಅಳೆಯೋಣ. 1986ರ ನಾಲ್ಕನೇ ವೇತನ ಆಯೋಗ ಕೇಂದ್ರ ನೌಕರರಿಗೆ ಕೊಟ್ಟ ಕನಿಷ್ಠ ಮೂಲ ವೇತನ ತಿಂಗಳಿಗೆ 750 ರೂಪಾಯಿ. ಮಾರುತಿಯ ಮೊದಲ ಬೆಲೆಯನ್ನೇ ಹಿಡಿದರೂ ಅದು 63 ತಿಂಗಳ ಮೂಲ ವೇತನ, ಅಂದರೆ ಐದು ವರ್ಷಕ್ಕೂ ಮೇಲೆ. ಏಳನೇ ಆಯೋಗ ಕನಿಷ್ಠ ವೇತನವನ್ನು 18,000 ಮಾಡಿತು. ಅದಕ್ಕೆ 2025ರ ಜುಲೈನಿಂದ ಶೇ. 58ರ ಡಿಎ ಸೇರಿದರೆ 28,440. ಆಲ್ಟೊ ಕೊಳ್ಳಲು 13 ತಿಂಗಳ ಪಗಾರ ಸಾಕು. ಖಡಕಿ, ದೇಹು ರೋಡ್ ಕಡೆಯ ಕಾರ್ಖಾನೆಗಳಲ್ಲಿ ಕೆಳಹಂತದ ನೌಕರರು ಆ ಕಾಲದಲ್ಲಿ ಕಾರಿನ ಕನಸೇ ಕಾಣಲಿಲ್ಲ. ಯಾಕೆ ಎನ್ನುವುದು ಈ ಎರಡು ಅಂಕಿಗಳಲ್ಲೇ ಇದೆ. ಚಾಕಣದ ಗುತ್ತಿಗೆ ಕಾರ್ಮಿಕನಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ, ಅವನಿಗೆ ವೇತನ ಆಯೋಗ ಇಲ್ಲ. ಅದು ಬೇರೆಯೇ ದುಃಖ.

ಇನ್ನೊಂದು ವಿಷಯವನ್ನು ಹಳೆಯ ಬೆಲೆಪಟ್ಟಿ ಹೇಳುವುದೇ ಇಲ್ಲ. ಆ ಬೆಲೆಗೆ ಗಾಡಿ ಕೈಗೆ ಸಿಗುತ್ತಿರಲಿಲ್ಲ. ಬಜಾಜ್ ಚೇತಕ್ 1972ರಲ್ಲಿ ಬಂತು. ಆಕುರ್ಡಿಯ ಕಾರ್ಖಾನೆಗೆ ಇಂತಿಷ್ಟೇ ಗಾಡಿ ಮಾಡಬೇಕೆಂದು ಸರ್ಕಾರದ ಲೈಸೆನ್ಸ್ ಇತ್ತು. ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು. ಮದುವೆಗೆ ಸ್ಕೂಟರ್ ಕೊಡುವವರು ಹುಡುಗಿ ಹೈಸ್ಕೂಲಿನಲ್ಲಿರುವಾಗಲೇ ಹೆಸರು ಬರೆಸುತ್ತಿದ್ದ ಕಾಲ ಅದು. ಕಾಯಲು ಆಗದವರು ಮೇಲೆ ದುಡ್ಡು ಕೊಟ್ಟು ಬೇರೆಯವರ ನಂಬರ್ ತಗೊಳ್ಳುತ್ತಿದ್ದರು. ವಿದೇಶದಿಂದ ಡಾಲರ್ ಕಳಿಸುವ ನೆಂಟರಿದ್ದರೆ ಗಾಡಿ ಬೇಗ ಸಿಗುತ್ತಿತ್ತು. ಆದ್ದರಿಂದ ಆಗಿನ ಷೋರೂಂ ಬೆಲೆಯನ್ನು ಈಗಿನ ಷೋರೂಂ ಬೆಲೆಯ ಪಕ್ಕ ಇಡುವುದೇ ಸರಿಯಲ್ಲ. ಕಾದ ವರ್ಷಗಳಿಗೂ ಒಂದು ಬೆಲೆ ಇತ್ತು, ಅದು ಯಾವ ಬಿಲ್ಲಿನಲ್ಲೂ ಇಲ್ಲ.

ಗಾಡಿ ಇಷ್ಟು ಅಗ್ಗವಾಗಲು ಕಾರಣಗಳು ಗೊತ್ತಿರುವವೇ. ಲೈಸೆನ್ಸ್ ಹೋಯಿತು, ಪೈಪೋಟಿ ಬಂತು, ಬಿಡಿಭಾಗಗಳು ಇಲ್ಲೇ ತಯಾರಾಗತೊಡಗಿದವು. ಒಂದು ಗಾಡಿಗೆ ಬೀಳುವ ದುಡಿಮೆಯ ಗಂಟೆಗಳು ಕಡಿಮೆಯಾದವು. ಇದರಲ್ಲಿ ಬಿಡಿಭಾಗದ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪುಣೆಯವರು ಮರೆಯಬಾರದ ಗಾಡಿ ಇನ್ನೊಂದಿದೆ, ಟಾಟಾ ನ್ಯಾನೊ. ಅದು ರೂಪುಗೊಂಡದ್ದು ಪಿಂಪ್ರಿಯ ಎಂಜಿನಿಯರಿಂಗ್ ರಿಸರ್ಚ್ ಸೆಂಟರ್‌ನಲ್ಲಿ. 2008ರ ಜನವರಿಯಲ್ಲಿ ದೆಹಲಿಯ ಆಟೋ ಎಕ್ಸ್‌ಪೋದಲ್ಲಿ ತೋರಿಸಿ ಒಂದು ಲಕ್ಷ ಎಂದರು. ವ್ಯಾಟ್ ಮತ್ತು ಸಾಗಾಟ ಬೇರೆ. ಮಾತು ಕೊಟ್ಟದ್ದಕ್ಕೂ 2009ರ ಮಾರ್ಚ್‌ನಲ್ಲಿ ಗಾಡಿ ಹೊರಬಂದದ್ದಕ್ಕೂ ನಡುವೆ ಉಕ್ಕಿನ ಬೆಲೆ ಹುಚ್ಚಾಪಟ್ಟೆ ಏರಿ ಇಳಿದಿತ್ತು. ಒಂದು ದುಂಡು ಅಂಕಿಗೆ ಇಡೀ ಗಾಡಿಯನ್ನು ಕಟ್ಟಿಹಾಕಿದರೆ ಹಣದುಬ್ಬರ ಪ್ರತಿ ವರ್ಷ ಆ ಗಂಟನ್ನು ಬಿಗಿ ಮಾಡುತ್ತಾ ಹೋಗುತ್ತದೆ. 2018ರಲ್ಲಿ ನ್ಯಾನೊ ತಯಾರಿಕೆ ನಿಂತಿತು. ಎಲ್ಲರೂ ಅದನ್ನು ಸೋಲು ಎಂದರು. ಆದರೆ ಈ ಲೆಕ್ಕ ನೋಡಿ. 2008ರ ಒಂದು ಲಕ್ಷ ಈಗಿನ ಸುಮಾರು ಮೂರು ಲಕ್ಷಕ್ಕೆ ಸಮ. 2025ರ ಸೆಪ್ಟೆಂಬರ್‌ನಲ್ಲಿ ಮಾರುತಿ ಎಸ್-ಪ್ರೆಸ್ಸೊ ಬೆಲೆ 3,49,900ಕ್ಕೆ ಇಳಿಯಿತು. ಅದರಿಂದ ಶೇ. 18ರ ಜಿಎಸ್‌ಟಿ ತೆಗೆದರೆ ಉಳಿಯುವುದು 2.96 ಲಕ್ಷ! ಹೋಲಿಕೆ ಪೂರ್ತಿ ಸರಿಸಮಾನ ಅಲ್ಲ, ಆಗಿನ ತೆರಿಗೆಯ ರೀತಿಯೇ ಬೇರೆ. ಆದರೂ ನ್ಯಾನೊದ ಒಂದು ಲಕ್ಷದ ಕಾರು ಹೆಚ್ಚುಕಮ್ಮಿ ನಮ್ಮ ಮುಂದೆ ನಿಂತಿದೆ. ಅದೂ 624 ಸಿಸಿ ಬದಲು 998 ಸಿಸಿ ಎಂಜಿನ್ ಮತ್ತು ಎರಡು ಏರ್‌ಬ್ಯಾಗ್ ಹೊತ್ತುಕೊಂಡು. ಬೆಲೆಪಟ್ಟಿಯಲ್ಲಿ ಮೂರೂವರೆ ಲಕ್ಷ ಎಂದು ಬರೆದಿರುವುದರಿಂದ ನಮಗೆ ಅದು ಕಾಣುತ್ತಿಲ್ಲ, ಅಷ್ಟೇ.

ಹಾಗಾದರೆ ಗಾಡಿ ತುಟ್ಟಿಯಾಯಿತು ಎನ್ನುವ ಅನಿಸಿಕೆ ಪೂರ್ತಿ ಸುಳ್ಳಾ? ಅಲ್ಲ. ಕೆಲವು ಏರಿಕೆಗಳು ಒಮ್ಮೆಲೇ ಬಂದವು. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಬೈಕಿಗೆ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾಯಿತು. 2020ರ ಏಪ್ರಿಲ್ 1ರಿಂದ ಹೊಗೆಯ ಹೊಸ ನಿಯಮ ಬಿಎಸ್-6 ಬಂತು. ಕಾರ್ಬುರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂದದ್ದರಿಂದ ಸಣ್ಣ ಬೈಕಿನ ಬೆಲೆ ಸಾವಿರಗಟ್ಟಲೆ ಏರಿತು. ಮಾರುತಿ ಡೀಸೆಲ್ ಕಾರನ್ನೇ ಕೈಬಿಟ್ಟಿತು. ಅದರ ಹಿಂದೆಯೇ 2021–22ರಲ್ಲಿ ಸಗಟು ಬೆಲೆ ಸೂಚ್ಯಂಕ ಶೇ. 13ರಷ್ಟು ಏರಿತು. ಉಕ್ಕು, ಅಲ್ಯುಮಿನಿಯಂ, ಪ್ಲಾಸ್ಟಿಕ್ ಎಲ್ಲವೂ ತುಟ್ಟಿ. ಆ ವರ್ಷ ಮನೆಬಳಕೆಯ ಬೆಲೆ ಸೂಚ್ಯಂಕ ಏರಿದ್ದು ಶೇ. 5.5 ಮಾತ್ರ. ಕಾರ್ಖಾನೆ ಕೊಳ್ಳುವ ಸಾಮಾನಿನ ಬೆಲೆ ಒಂದು ದಾರಿ ಹಿಡಿದರೆ ನಮ್ಮ ಪಗಾರ ಹಿಡಿಯುವ ದಾರಿ ಇನ್ನೊಂದು. ಆ ಎರಡು-ಮೂರು ವರ್ಷ ಗಾಡಿ ಕೊಂಡವರಿಗೆ ಬಿಸಿ ತಟ್ಟಿದ್ದು ನಿಜ. ಅದರಲ್ಲಿ ಒಂದು ಪಾಲು ಹಣದುಬ್ಬರ, ಇನ್ನೊಂದು ಪಾಲು ಹೊಗೆ ಕಡಿಮೆ ಮಾಡಿ ಜೀವ ಉಳಿಸುವ ಸಾಮಾನಿನ ಬೆಲೆ. ಇವೆರಡನ್ನೂ ಒಂದೇ ಚೀಲಕ್ಕೆ ಹಾಕಿ ಬೈಯುವುದು ಸರಿಯಲ್ಲ.

ತದ್ವಿರುದ್ಧ ಉದಾಹರಣೆಯೂ ಪುಣೆಯಲ್ಲೇ ಇದೆ. ಎಲೆಕ್ಟ್ರಿಕ್ ಚೇತಕ್ 2020ರ ಜನವರಿಯಲ್ಲಿ ಒಂದು ಲಕ್ಷಕ್ಕೆ ಬಂತು. 2025ರ ಜೂನ್‌ನಲ್ಲಿ ಬಂದ ಚೇತಕ್ 3001 ಬೆಲೆ 99,990. ನಡುವಿನ ಐದು ವರ್ಷದಲ್ಲಿ ಅಕ್ಕಿ, ಬೇಳೆ, ಮನೆ ಬಾಡಿಗೆ ಎಲ್ಲ ಏರಿದವು, ಸರ್ಕಾರದ ಸಬ್ಸಿಡಿಯೂ ಕರಗಿತು. ಸ್ಕೂಟರ್ ಮಾತ್ರ ಅಲ್ಲೇ ನಿಂತಿತು. ಯಾಕೆಂದರೆ ಬ್ಯಾಟರಿ ಅಗ್ಗವಾಗುತ್ತಿದೆ. 2010ರಲ್ಲಿ ಒಂದು ಕಿಲೋವ್ಯಾಟ್-ಅವರ್ ಬ್ಯಾಟರಿಗೆ ಸಾವಿರ ಡಾಲರಿಗೂ ಮೇಲಿತ್ತು. 2024ರಲ್ಲಿ ಅದರ ಸರಾಸರಿ ಬೆಲೆ 115 ಡಾಲರ್.

ಇಲ್ಲಿಯವರೆಗೆ ಹೇಳಿದ್ದು ಓಡಾಡುವ ಗಾಡಿಯ ಕಥೆ. ದುಡಿಯುವ ಯಂತ್ರದ ಕಥೆ ಬೇರೆ. ನನಗೆ ಮುಖ್ಯ ಎನಿಸುವುದು ಇದೇ.

ಭೋಸರಿಯ ಎಂಐಡಿಸಿ (ಮಹಾರಾಷ್ಟ್ರ ಸರ್ಕಾರದ ಕೈಗಾರಿಕಾ ವಸಾಹತು) ಗಾಲಾಗಳಲ್ಲಿ, ಅಂದರೆ ಸಣ್ಣ ಶೆಡ್‌ಗಳಲ್ಲಿ, ಕನ್ನಡ ಕೇಳಬೇಕೆಂದರೆ ಹೆಚ್ಚು ಹುಡುಕಬೇಕಾಗಿಲ್ಲ. ಎರಡು ಲೇಥ್ (ಲೋಹ ಕಡೆಯುವ ಯಂತ್ರ), ಒಂದು ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಯಂತ್ರ), ನಾಲ್ಕು ಹುಡುಗರು. ದೊಡ್ಡ ಕಂಪನಿಗೆ ಮಾಲು ಕೊಡುವ ವೆಂಡರ್‌ಗೆ ಇವರು ಜಾಬ್ ವರ್ಕ್, ಅಂದರೆ ಕೂಲಿಗೆ ಭಾಗ ತಯಾರಿಸುವ ಕೆಲಸ, ಮಾಡಿಕೊಡುತ್ತಾರೆ. ಹಲವು ಶೆಡ್‌ಗಳ ಮೂಲೆಯಲ್ಲಿ ಹರಿಹರದ ಮೈಸೂರು ಕಿರ್ಲೋಸ್ಕರ್ ಲೇಥ್ ಅಥವಾ ಬೆಂಗಳೂರಿನ ಎಚ್‌ಎಂಟಿ ಇನ್ನೂ ತಿರುಗುತ್ತಿರುತ್ತದೆ. ಹರಿಹರದ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಯಿತು, ಅದರ ಲೇಥ್ ಮಾತ್ರ ಹೊಟ್ಟೆ ಹೊರೆಯುತ್ತಿದೆ. ಇಂಥ ಹಳೆಯ ಮಷಿನ್ ಮಾರಿದರೆ ಎಷ್ಟೋ ಸಲ ಕೊಂಡ ಬೆಲೆಗಿಂತ ಜಾಸ್ತಿ ರೂಪಾಯಿ ಬರುತ್ತದೆ. ಮಾಲೀಕನಿಗೆ ಖುಷಿಯಾಗುತ್ತದೆ. "ನಲವತ್ತು ವರ್ಷ ದುಡಿಸಿಕೊಂಡೆ, ಅಸಲು ವಾಪಸ್ ಬಂತು" ಎನ್ನುತ್ತಾನೆ. ವಾಪಸ್ ಬಂದದ್ದು ಅಸಲಿನ ಒಂದು ತುಣುಕು ಮಾತ್ರ. ಅದೇ ದುಡ್ಡು ಹಿಡಿದು ಹೊಸ ಮಷಿನ್ ಕೇಳಲು ಹೋದಾಗ ಇದು ಗೊತ್ತಾಗುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. 20 ಲಕ್ಷ ಕೊಟ್ಟು ಸಿಎನ್‌ಸಿ ತಂದಿದ್ದೀರಿ ಎಂದುಕೊಳ್ಳಿ. ಹತ್ತು ವರ್ಷ ಓಡಿಸುತ್ತೀರಿ. ಹೊಸ ಮಷಿನ್ ಬೆಲೆ ವರ್ಷಕ್ಕೆ ಶೇ. 5ರಂತೆ ಏರಿದರೆ ಹತ್ತು ವರ್ಷದ ನಂತರ ಅದೇ ಮಷಿನ್ 32.6 ಲಕ್ಷ. ಆದಾಯ ತೆರಿಗೆ ಕಾನೂನು ಯಂತ್ರದ ಸವಕಳಿಯನ್ನು ಖರ್ಚೆಂದು ಲಾಭದಿಂದ ಕಳೆಯಲು ಬಿಡುತ್ತದೆ. ಅದು ವರ್ಷಕ್ಕೆ ಶೇ. 15, ಉಳಿದ ಬೆಲೆಯ ಮೇಲೆ. ಹತ್ತು ವರ್ಷದಲ್ಲಿ ಒಟ್ಟು ಕಳೆದದ್ದು ಸುಮಾರು 16 ಲಕ್ಷ. ಈ ಲೆಕ್ಕ ನಿಂತಿರುವುದು ಹತ್ತು ವರ್ಷದ ಹಿಂದಿನ ಖರೀದಿ ಬೆಲೆಯ ಮೇಲೆ, ನಾಳೆ ಕೊಡಬೇಕಾದ ಬೆಲೆಯ ಮೇಲೆ ಅಲ್ಲ. 2024ರ ಜುಲೈ 23ಕ್ಕೆ ಮೊದಲು ಕೊಂಡ ಮನೆ, ಜಾಗ ಮಾರುವವರಿಗೆ ಹಣದುಬ್ಬರದ ಹೊಡೆತ ಕಳೆಯಲು ಕಾನೂನಿನಲ್ಲಿ ವೆಚ್ಚ ಹಣದುಬ್ಬರ ಸೂಚ್ಯಂಕ ಎಂಬುದೊಂದಿದೆ. 2001–02ಕ್ಕೆ 100 ಎಂದಿಟ್ಟರೆ 2025–26ಕ್ಕೆ ಅದು 376. ಸವಕಳಿ ಕಳೆಯುವ ಮಷಿನ್‌ಗೆ ಅಂಥ ರಿಯಾಯಿತಿ ಇಲ್ಲ. ಹೀಗಾಗಿ ಬದಲಿ ಮಷಿನ್‌ಗಾಗಿ ಎತ್ತಿಡಬೇಕಾದ ದುಡ್ಡು ಪುಸ್ತಕದಲ್ಲಿ ಲಾಭ ಎಂದು ಕಾಣುತ್ತದೆ, ಅದರ ಮೇಲೆ ತೆರಿಗೆ ಬೀಳುತ್ತದೆ. ಉಳಿದದ್ದು ಮಗಳ ಮದುವೆಗೋ ಊರಿನ ಮನೆಗೋ ಹೋಗುತ್ತದೆ. ಯಾರೂ ಪೋಲು ಮಾಡಿಲ್ಲ. ಆದರೂ ಹತ್ತು ವರ್ಷಕ್ಕೆ ಮಷಿನ್ ಸುಸ್ತಾದಾಗ ಕೈಯಲ್ಲಿ ದುಡ್ಡಿಲ್ಲ.

ಇದನ್ನೇ ಗಂಟೆಯ ದರಕ್ಕೆ ಇಳಿಸಿ. ವರ್ಷಕ್ಕೆ 4,000 ಗಂಟೆ ಮಷಿನ್ ಓಡಿದರೆ, 20 ಲಕ್ಷದ ಲೆಕ್ಕದಲ್ಲಿ ಗಂಟೆಗೆ 50 ರೂಪಾಯಿ ಯಂತ್ರದ ಪಾಲು. 32.6 ಲಕ್ಷದ ಲೆಕ್ಕದಲ್ಲಿ 81 ರೂಪಾಯಿ. ನಡುವಿನ 31 ರೂಪಾಯಿಯನ್ನು ಬಿಲ್ಲಿನಲ್ಲಿ ಕೇಳದಿದ್ದರೆ ಪ್ರತಿ ಗಂಟೆಗೂ ನೀವು ನಿಮ್ಮ ಮಷಿನ್‌ನ ಒಂದು ಚೂರನ್ನು ಗಿರಾಕಿಗೆ ಪುಕ್ಕಟೆ ಕೊಟ್ಟಂತೆ. ಹೆಚ್ಚಿನವರು ದರ ಹೇಳುವಾಗ ಬ್ಯಾಂಕಿನ ಕಂತು, ಕರೆಂಟು, ಹುಡುಗರ ಪಗಾರ, ಟೂಲ್ ಖರ್ಚು ಇಷ್ಟನ್ನೇ ಕೂಡಿಸುತ್ತಾರೆ. ಕಂತು ಮುಗಿದ ಮೇಲೆ ಇನ್ನು ಎಲ್ಲ ಲಾಭವೇ ಎಂದುಕೊಂಡು ದರ ಇಳಿಸುವವರೂ ಇದ್ದಾರೆ. ಪಕ್ಕದ ಗಾಲಾದವನ ಕಂತು ಇನ್ನೂ ಮುಗಿದಿರುವುದಿಲ್ಲ. ಕೆಲಸ ಕೈತಪ್ಪಬಾರದೆಂದು ಅವನೂ ಇಳಿಸುತ್ತಾನೆ. ಇಬ್ಬರೂ ಮುಳುಗುತ್ತಾರೆ.

ಆದರೆ ತಪ್ಪೆಲ್ಲ ಅವರದ್ದೇ ಎಂದರೆ ಅನ್ಯಾಯ. ದೊಡ್ಡ ಕಂಪನಿಗಳ ಖರೀದಿ ಪದ್ಧತಿ ಹೇಗಿದೆ ನೋಡಿ. ಉಕ್ಕಿನ ಬೆಲೆ ಏರಿದರೆ ಆ ವ್ಯತ್ಯಾಸವನ್ನು ಸಾಮಾನ್ಯವಾಗಿ ವೆಂಡರ್‌ಗೆ ಕಟ್ಟಿಕೊಡುತ್ತಾರೆ, ಅದಕ್ಕೆ ಸೂತ್ರ ಇದೆ. ಆದರೆ ಉಕ್ಕನ್ನು ಕಡಿದು, ಕೊರೆದು, ಭಾಗ ಮಾಡಿಕೊಡುವ ಕೂಲಿಗೆ ಅಂಥ ಸೂತ್ರ ಸಿಗುವುದು ಅಪರೂಪ. ಅದರ ಬದಲು ವರ್ಷ ವರ್ಷ ಇಷ್ಟು ಶೇಕಡಾ ಕಡಿಮೆ ಮಾಡಿ ಎಂಬ ಬೇಡಿಕೆ ಬರುತ್ತದೆ. ವೆಂಡರ್ ಅದನ್ನು ಕೆಳಗಿನವನಿಗೆ ದಾಟಿಸುತ್ತಾನೆ. ಮೊದಲು ಹೇಳಿದ ಬಿಡಿಭಾಗದ ಮಾತು ಈಗ ಜೋಡಿಸಿ. ಸಣ್ಣ ಕಾರು ಅರ್ಧ ಬೆಲೆಗೆ ಇಳಿದದ್ದು ಬರೀ ಜಾಣ ಎಂಜಿನಿಯರಿಂಗ್‌ನಿಂದ ಅಲ್ಲ. ಅದರಲ್ಲಿ ಭೋಸರಿ, ಚಾಕಣದ ಶೆಡ್‌ಗಳು ಏರಿಸಿಕೊಳ್ಳಲಾಗದ ಗಂಟೆಯ ದರವೂ ಸೇರಿದೆ. ನಾವು ಕೊಂಡ ಗಾಡಿಯ ಅಗ್ಗದ ಒಂದು ಪಾಲನ್ನು ಇವರು ತಮ್ಮ ಮಷಿನ್ ಸವೆಸಿ ಕಟ್ಟಿದ್ದಾರೆ ಎಂದು ನಾನು ನಂಬುತ್ತೇನೆ.

ಹೊರದೇಶದ ಮಷಿನ್ ತರುವವರಿಗೆ ಇನ್ನೊಂದು ಹೊರೆ ರೂಪಾಯಿಯದು. ಅಮೆರಿಕದ ಹಾಸ್ ಕಂಪನಿ 1988ರಲ್ಲಿ ತನ್ನ ಮೊದಲ ವಿಎಂಸಿ (ಲೋಹ ಕಡಿದು ಕೊರೆಯುವ ಕಂಪ್ಯೂಟರ್ ಚಾಲಿತ ಯಂತ್ರ) ವಿಎಫ್-1 ತಂದಾಗ ಬೆಲೆ 49,900 ಡಾಲರ್ ಎಂದು ಘೋಷಿಸಿತು. ಆಮೇಲೆ ಅಮೆರಿಕದಲ್ಲಿ ಮನೆಬಳಕೆಯ ಬೆಲೆಗಳು 2.7 ಪಟ್ಟಾಗಿವೆ. ವಿಎಫ್-1 ಈಗಲೂ 60 ಸಾವಿರ ಡಾಲರ್ ಆಸುಪಾಸಿನಲ್ಲೇ ಇದೆ. ಅಮೆರಿಕದ ವರ್ಕ್‌ಶಾಪಿನವನಿಗೆ ಅದು ಅರ್ಧಕ್ಕಿಂತ ಅಗ್ಗ. ನಮಗೆ? 1988ರಲ್ಲಿ ಡಾಲರ್ ಸುಮಾರು 14 ರೂಪಾಯಿ, ಅಂದರೆ ಮಷಿನ್ ಏಳು ಲಕ್ಷ. 2025ರ ಡಿಸೆಂಬರ್‌ನಲ್ಲಿ ಡಾಲರ್ 90 ದಾಟಿತು, ಅಂದರೆ 54 ಲಕ್ಷ. ಸುಂಕ, ಸಾಗಾಟ ಬೇರೆ. ನಮ್ಮ ಸೂಚ್ಯಂಕ ಇದೇ ಅವಧಿಯಲ್ಲಿ ಸುಮಾರು 12 ಪಟ್ಟು ಏರಿದೆ, ಮಷಿನ್ ಎಂಟು ಪಟ್ಟೂ ಏರಿಲ್ಲ. ಹಾಗಾಗಿ ನಮಗೂ ಅಗ್ಗವೇ, ಆದರೆ ಅವರಷ್ಟು ಅಲ್ಲ. ಮತ್ತೆ ಈ ಲಾಭ ಸಿಗುವುದು ಜಾಬ್ ವರ್ಕ್ ದರವೂ ಆ 12 ಪಟ್ಟಿನ ಜೊತೆ ಏರಿದ್ದರೆ ಮಾತ್ರ.

ಮಣ್ಣು ಅಗೆಯುವವರ ಸ್ಥಿತಿಯೂ ಇದೇ. ಪುಣೆ ಸುತ್ತ ರಸ್ತೆ, ಮೆಟ್ರೊ, ಲೇಔಟ್ ಎಲ್ಲಿ ನೋಡಿದರೂ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯ ಹುಡುಗರು ಜೆಸಿಬಿ ಮೇಲೆ ಕೂತಿರುತ್ತಾರೆ. ಕೆಲವರು ಆಪರೇಟರ್ ಆಗಿ ಬಂದು, ಊರಿನ ಹೊಲ ಒತ್ತೆ ಇಟ್ಟು ಸ್ವಂತ ಮಷಿನ್ ಮಾಡಿಕೊಂಡವರು. ಆ ಮಷಿನ್ ತಳೆಗಾಂವದಲ್ಲೇ ಕಾರ್ಖಾನೆ ಇರುವ ಕಂಪನಿಯದು, ಬೆಲೆ ಮಾತ್ರ 30 ಲಕ್ಷ ದಾಟಿದೆ. ನಿರ್ಮಾಣ ಯಂತ್ರಗಳಿಗೆ ಹೊಗೆಯ ನಿಯಮ 2021ರಲ್ಲಿ ಒಮ್ಮೆ, 2025ರಲ್ಲಿ ಮತ್ತೊಮ್ಮೆ ಬಿಗಿಯಾಯಿತು. ಪ್ರತಿ ಸಲವೂ ಬೆಲೆ ಮೆಟ್ಟಿಲು ಹತ್ತಿತು. ಸೈಟಿನಲ್ಲಿ ಗಂಟೆಯ ಬಾಡಿಗೆ ಹಾಗೆ ಹತ್ತುವುದಿಲ್ಲ. ಅಲ್ಲಿ ಹಳೆಯ ಮಷಿನ್‌ನವನೇ ದರ ಇಡುತ್ತಾನೆ, ಹೊಸದು ತಂದವನು ಅದಕ್ಕೇ ದುಡಿಯಬೇಕು. 2025ರ ಸೆಪ್ಟೆಂಬರ್‌ನ ಜಿಎಸ್‌ಟಿ ಇಳಿಕೆ ಸಣ್ಣ ಕಾರು, 350 ಸಿಸಿವರೆಗಿನ ಬೈಕು, ಲಾರಿ, ಆಟೊಗಳನ್ನು ಶೇ. 28ರಿಂದ 18ಕ್ಕೆ ತಂದಿತು. ಟ್ರ್ಯಾಕ್ಟರ್ 12ರಿಂದ 5ಕ್ಕೆ ಇಳಿಯಿತು. ಒಳ್ಳೆಯದೇ ಆಯಿತು. ಆದರೆ ತೆರಿಗೆ ಇಳಿಯುವುದು ಒಮ್ಮೆ, ಬೆಲೆ ಏರುವುದು ಪ್ರತಿ ವರ್ಷ.

ಆಟೊದವರ ಮೀಟರ್ ನೋಡಿ. ಪುಣೆಯಲ್ಲಿ 2022ರ ಸೆಪ್ಟೆಂಬರ್‌ನಲ್ಲಿ ಮೊದಲ ಒಂದೂವರೆ ಕಿಲೋಮೀಟರಿಗೆ 25 ರೂಪಾಯಿ ಆಯಿತು. ಆಗ ಕಾರ್ಮಿಕರ ಬೆಲೆ ಸೂಚ್ಯಂಕ 131. ಮೂರು ವರ್ಷದ ನಂತರ 147. ಅದೇ 25ರ ಬೆಲೆ ಉಳಿಯಬೇಕಿದ್ದರೆ ಮೀಟರ್ 28 ತೋರಿಸಬೇಕಿತ್ತು. ಮೂರು ರೂಪಾಯಿ ಪ್ರಯಾಣಿಕನಿಗೆ ಸಣ್ಣದು. ದಿನಕ್ಕೆ ಇಪ್ಪತ್ತು ಬಾಡಿಗೆ ಹೊಡೆಯುವವನಿಗೆ ಅದು ವರ್ಷಕ್ಕೆ ಹದಿನೆಂಟು ಸಾವಿರ. ಮುಂದಿನ ಆಟೊ ಕೊಳ್ಳಲು ಎತ್ತಿಡಬೇಕಾದ ದುಡ್ಡು ಇದೇ.

ಇದಕ್ಕೆ ದಾರಿ ಇಲ್ಲವೇ? ದಾರಿ ಆಗಲೇ ಇದೆ, ಆದರೆ ದೊಡ್ಡವರಿಗೆ. ಕೇಂದ್ರ ಲೋಕೋಪಯೋಗಿ ಇಲಾಖೆಯ (ಸಿಪಿಡಬ್ಲ್ಯುಡಿ) ದೀರ್ಘ ಅವಧಿಯ ಗುತ್ತಿಗೆಗಳಲ್ಲಿ 10ಸಿಸಿ ಎಂಬ ಕಲಮು ಇದೆ. ಕೂಲಿ, ಸಾಮಾನಿನ ಬೆಲೆ ಸೂಚ್ಯಂಕದಂತೆ ಏರಿದರೆ ಗುತ್ತಿಗೆದಾರನಿಗೆ ವ್ಯತ್ಯಾಸ ಸಿಗುತ್ತದೆ. ಹೆದ್ದಾರಿ ಗುತ್ತಿಗೆಗಳಲ್ಲೂ ಇಂಥ ಸೂತ್ರಗಳು ಇವೆ. ಅದೇ ಗುತ್ತಿಗೆದಾರ ಜೆಸಿಬಿಯವನ ಜೊತೆ ಮಾಡಿಕೊಳ್ಳುವ ಬಾಯಿಮಾತಿನ ಒಪ್ಪಂದದಲ್ಲಿ ಈ ಕಲಮು ಇರುವುದಿಲ್ಲ. ಸಣ್ಣ ಉದ್ದಿಮೆಗಳಿಗೆ 45 ದಿನದೊಳಗೆ ದುಡ್ಡು ಕೊಡದಿದ್ದರೆ, ಕೊಡುವ ವರ್ಷದವರೆಗೆ ಅದನ್ನು ಖರ್ಚು ಎಂದು ತೋರಿಸುವಂತಿಲ್ಲ ಎಂದು ತೆರಿಗೆ ಕಾನೂನೇ ಹೇಳುವಂತಾಗಿದೆ. ಅದೇ ಧೈರ್ಯದಲ್ಲಿ ಜಾಬ್ ವರ್ಕ್ ದರಕ್ಕೂ ವರ್ಷಕ್ಕೊಮ್ಮೆ ಸೂಚ್ಯಂಕ ನೋಡಿ ಏರಿಸುವ ಒಂದು ಸಾಲು ಬೇಕು. ಭೋಸರಿಯಲ್ಲಿ, ಚಾಕಣದಲ್ಲಿ ಶೆಡ್ ಇಟ್ಟ ನಮ್ಮವರು ಮುಂದಿನ ಪರ್ಚೇಸ್ ಆರ್ಡರ್ ಮಾತುಕತೆಗೆ ಹೋಗುವಾಗ ಬ್ಯಾಂಕಿನ ಕಂತಿನ ಚೀಟಿಯ ಜೊತೆಗೆ ಹೊಸ ಮಷಿನ್‌ನ ಇವತ್ತಿನ ಕೊಟೇಶನ್ ಕೂಡ ತೆಗೆದುಕೊಂಡು ಹೋಗಲಿ. ದರದ ಮಾತು ಆ ಕೊಟೇಶನ್‌ನಿಂದಲೇ ಶುರುವಾಗಲಿ.